ಪುಟ್ಟಲಕ್ಷ್ಮಮ್ಮನವರ ಅಸಮಾಧಾನ

ಸೇತುರಾಮನ ಮನೆಗೆ ಗೀಸರು ಬಂದದ್ದು ಚಳಿಯ ಕಾರಣದಿಂದ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಅದು ಸುಳ್ಳು. ಬಂದದ್ದು ಷಡ್ಡಕನ ಕಾರಣದಿಂದ. ಎಪ್ಪತ್ತೇಳನೆಯ ಇಸವಿಯ ದೀಪಾವಳಿಗೆ ಮಲ್ಲೇಶ್ವರದ ಷಡ್ಡಕ ಪದ್ಮನಾಭನ ಮನೆಯಲ್ಲಿ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಿಗೆ ಹೋದವನು ನಲ್ಲಿ ತಿರುಗಿಸಿದ, ಬಿಸಿನೀರು ಬಂತು. ಹಂಡೆ ಇಲ್ಲ, ಒಲೆ ಇಲ್ಲ, ಹೊಗೆ ಇಲ್ಲ. ನೀರು ಎಲ್ಲಿಂದ ಬಂತು ಎಂದು ಹುಡುಕಿದರೆ ಪೈಪೂ ಇಲ್ಲ. "ಎಲ್ಲಾ ಗೋಡೆ ಒಳಗೇ ಇದೆ ಕಣಯ್ಯ, ಕನ್ಸೀಲ್ಡು," ಎಂದ ಪದ್ಮನಾಭ, ಗೋಡೆಯೊಳಗೆ ನಿಧಿ ಹೂತಿಟ್ಟವನ ಗತ್ತಿನಲ್ಲಿ. ಆವತ್ತಿನಿಂದ ವಿಜಯನಗರದ ತನ್ನ ಮನೆಯ ಮಸಿ ಹಿಡಿದ ತಾಮ್ರದ ಹಂಡೆಯನ್ನು ಕಂಡರೆ ಸೇತುರಾಮನಿಗೆ ಮುಖ ಗಂಟಾಗುತ್ತಿತ್ತು.

ಹಂಡೆಯ ಪರವಾಗಿ ಮನೆಯಲ್ಲಿ ಒಬ್ಬರೇ ಇದ್ದರು, ಅವನ ತಾಯಿ ಪುಟ್ಟಲಕ್ಷ್ಮಮ್ಮ. "ನೀರು ಕಾಯೋದು ಕಣ್ಣಿಗೆ ಕಾಣ್ಬೇಕು ಕಣೋ. ಗೋಡೆ ಒಳಗೆ ಏನೇನೋ ಹರಿದಾಡೋ ಮನೇಲಿ ನನಗೆ ನಿದ್ದೆ ಬರಲ್ಲ," ಎಂದುಬಿಟ್ಟರು. ಸೇತುರಾಮ ಅಮ್ಮನ ಮಾತು ಮೀರುವವನಲ್ಲ. ಕಾದ. ಮುಂದಿನ ಆಷಾಢದಲ್ಲಿ ಎರಡು ದಿನದ ಜ್ವರ ನೆಪವಾಗಿ ಪುಟ್ಟಲಕ್ಷ್ಮಮ್ಮ ತೀರಿಕೊಂಡರು. ಸೇತುರಾಮ ನಿಜವಾಗಿಯೂ ಅತ್ತ, ವೈಕುಂಠ ಸಮಾರಾಧನೆಯ ಊಟದಲ್ಲೂ ಅತ್ತ. ಮಾರ್ಗಶಿರದ ಹೊತ್ತಿಗೆ ಗೀಸರಿಗೆ ಆರ್ಡರು ಕೊಟ್ಟ. ಈ ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ ಎಂದು ಅವನು ಬಲವಾಗಿ ನಂಬಿದ್ದ.

ಗೀಸರು ನಾಯಂಡಹಳ್ಳಿಯ 'ಉಷ್ಣಧಾರಾ' ಎಂಬ ಕಂಪನಿಯದು. ಅದನ್ನು ಕೂರಿಸಲು ಬಂದ ಫಿಟ್ಟರ್ ಚನ್ನಕೇಶವ ಹೆಚ್ಚು ಮಾತಿನವನಲ್ಲ. ಬಚ್ಚಲಿಗೂ ಹಜಾರಕ್ಕೂ ನಡುವಿನ ಗೋಡೆಯನ್ನು ಕೊರೆದು, ಚೀಲದಿಂದ ಕಪ್ಪು ಪೈಪೊಂದನ್ನು ಎಳೆದು ತೆಗೆದ.

"ಇದೇನಪ್ಪ, ಕಬ್ಬಿಣದ್ದಲ್ವಾ?" ಎಂದ ಸೇತುರಾಮ.

"ಪಾಲಿಥಿನ್ ಸಾರ್. ಹೊಸಾ ಮಾಲು, ತುಕ್ಕು ಹಿಡಿಯಲ್ಲ. ಕಂಪನಿಯೋರು ಈಗ ಎಲ್ಲಾ ಕಡೆ ಇದನ್ನೇ ಹಾಕ್ಸೋದು."

ತುಕ್ಕು ಹಿಡಿಯುವುದಿಲ್ಲ ಎಂದ ಮೇಲೆ ಸೇತುರಾಮನಿಗೆ ಇನ್ನೇನು ಬೇಕು. ಪೈಪು ಗೋಡೆಯೊಳಗೆ ಹೋಯಿತು, ಮೇಲೆ ಗಾರೆ, ಅದರ ಮೇಲೆ ಸುಣ್ಣ. ಹಂಡೆ ಹಿತ್ತಲಿಗೆ ಹೋಯಿತು. ಗೀಸರಿನ ಹೊಟ್ಟೆಯಲ್ಲಿ ಕೆಂಪು ದೀಪವೊಂದು ಹೊತ್ತಿಕೊಂಡು ಬಚ್ಚಲಿನ ಕತ್ತಲಲ್ಲಿ ಯಾರೋ ಒಂದೇ ಕಣ್ಣು ಬಿಟ್ಟು ಕೂತ ಹಾಗೆ ಕಂಡಿತು.

ಮುಂದಿನ ಭಾನುವಾರ ಚೌಕಟ್ಟು ಹಾಕಿಸಿದ ಅಮ್ಮನ ಫೋಟೋ ಬಂತು. ಪಕ್ಕದ ಮನೆಯ ನಿವೃತ್ತ ಶಿರಸ್ತೇದಾರ್ ಗಂಗಾಧರಯ್ಯನವರು ಕರೆಯದೆಯೇ ಬಂದು ನಿಂತರು. ಬೀದಿಯಲ್ಲಿ ಯಾರ ಮನೆಯ ಯಾವ ಕೆಲಸವೂ ಅವರ ಮೇಲುಸ್ತುವಾರಿ ಇಲ್ಲದೆ ಆದದ್ದಿಲ್ಲ.

"ಪಿತೃಗಳ ದಿಕ್ಕು ದಕ್ಷಿಣ ಕಣ್ರೀ ಸೇತುರಾಮ್. ದಕ್ಷಿಣದ ಗೋಡೆಗೇ ಹಾಕ್ಬೇಕು. ಒಂದ್ಸಲ ಹಾಕಿದ ಮೇಲೆ ವರ್ಷಾಂತಿಕ ಮುಗಿಯೋವರೆಗೂ ಇಳಿಸಬಾರದು. ಇಳಿಸಿದ್ರೆ ಅವರಿಗೆ ದಾರಿ ತಪ್ಪುತ್ತೆ."

ಹಜಾರದ ದಕ್ಷಿಣದ ಗೋಡೆ ಎಂದರೆ ಬಚ್ಚಲಿನ ಗೋಡೆಯೇ. ಸೇತುರಾಮ ಸ್ಟೂಲು ಹತ್ತಿ ಉದ್ದನೆಯ ಮೊಳೆ ಹಿಡಿದ. ಮೂರು ಏಟಿಗೆ ಮೊಳೆ ಜಗ್ಗಲಿಲ್ಲ. ನಾಲ್ಕನೆಯದಕ್ಕೆ ಸ್ವಲ್ಪ ಹೋಯಿತು. ಐದನೆಯ ಏಟಿಗೆ, ಗೋಡೆಯೊಳಗಿಂದ ಯಾರೋ ಹಿಡಿದು ಎಳೆದುಕೊಂಡ ಹಾಗೆ, ಸುಲಭವಾಗಿ ಒಳಗೆ ಇಳಿಯಿತು.

"ನೋಡಿದ್ರಾ," ಎಂದರು ಗಂಗಾಧರಯ್ಯ, "ಅವರಿಗೂ ಈ ಜಾಗ ಒಪ್ಪಿಗೆ ಆಯ್ತು."

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಸೇತುರಾಮ ಬಚ್ಚಲಿನಲ್ಲಿ ಹಬೆಯ ನಡುವೆ ನಿಂತು, ಪದ್ಮನಾಭನ ಮುಖವನ್ನು ನೆನೆಸಿಕೊಳ್ಳುತ್ತಾ ಸುಖಪಡುತ್ತಿದ್ದ. ಹೊರಗಿನಿಂದ ಹೆಂಡತಿ ವತ್ಸಲಾ ಮೆಲ್ಲಗೆ ಬಾಗಿಲು ತಟ್ಟಿದಳು. ಅವಳು ಕೂಗಲಿಲ್ಲ. ಕೂಗಿದ್ದರೇ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ರೀ, ಅತ್ತೆ ಅಳ್ತಿದಾರೆ."

ಸೇತುರಾಮ ಒದ್ದೆ ಪಂಚೆಯಲ್ಲೇ ಬಂದ. ಫೋಟೋದಲ್ಲಿ ಪುಟ್ಟಲಕ್ಷ್ಮಮ್ಮ ಎಂದಿನಂತೆ ನೆಟ್ಟಗೆ ನೋಡುತ್ತಿದ್ದರು. ಗಾಜಿನ ಮೇಲೆ, ಸರಿಯಾಗಿ ಎರಡು ಕಣ್ಣಿನಿಂದ ಶುರುವಾಗಿ, ಎರಡು ಗೆರೆ ನೀರು ಕೆನ್ನೆಯ ಮೇಲೆ ಹಾದು ಗಲ್ಲದ ಹತ್ತಿರ ಕೂಡಿಕೊಂಡು ತೊಟ್ಟಿಕ್ಕುತ್ತಿತ್ತು. ಸೇತುರಾಮ ಬೆರಳಿಟ್ಟು ನೋಡಿದ. ನೀರು ಬೆಚ್ಚಗಿತ್ತು.

ವತ್ಸಲಾ ಬಚ್ಚಲಿಗೆ ಹೋಗಿ ನಲ್ಲಿ ನಿಲ್ಲಿಸಿದಳು. ಕಣ್ಣೀರು ನಿಂತಿತು. ಬಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆಯೊಳಗೆ ಏನೋ ಹರಿಯುವ ಸಣ್ಣ ಸದ್ದು ಕೇಳಿಸುತ್ತಿತ್ತು.

"ವರ್ಷಾಂತಿಕ ಆಗೋಕೆ ಮುಂಚೇನೇ ಗೀಸರು ಬೇಡ ಅಂದೆ," ಎಂದಳು ವತ್ಸಲಾ.

ಅವಳು ಹಾಗೆ ಅಂದಿರಲಿಲ್ಲ. ಆದರೆ ಅದನ್ನು ವಾದಿಸುವ ಸ್ಥಿತಿಯಲ್ಲಿ ಸೇತುರಾಮ ಇರಲಿಲ್ಲ. ಆವತ್ತಿನಿಂದ ಪ್ರತಿದಿನ ಬೆಳಿಗ್ಗೆ ಒಂದೇ ಕ್ರಮ: ಅವನು ಸ್ನಾನ ಮಾಡುವುದು, ಅಮ್ಮ ಅಳುವುದು, ಅವನು ಬಂದು ಟವೆಲಿನ ತುದಿಯಿಂದ ಅಮ್ಮನ ಮುಖ ಒರೆಸುವುದು. ವತ್ಸಲಾ ತಣ್ಣೀರು ಸ್ನಾನಕ್ಕೆ ಇಳಿದಳು. "ಹೊರಗೆ ಒಬ್ಬರು ಅಳ್ತಾ ಇದ್ರೆ ಒಳಗೆ ಕೂತು ಸೋಪು ಹೇಗ್ರೀ ಹಚ್ಕೊಳ್ಳೋದು?" ಎನ್ನುವುದು ಅವಳ ಪ್ರಶ್ನೆ.

ಇಲ್ಲಿಯವರೆಗೆ ನಡೆದದ್ದು ಮನೆಯೊಳಗಿನ ಮಾತು. ಮುಂದೆ ನಡೆದದ್ದಕ್ಕೆಲ್ಲ ಸೇತುರಾಮನ ಒಂದೇ ಒಂದು ವಾಕ್ಯ ಕಾರಣ, ಅದನ್ನು ಮುಚ್ಚಿಟ್ಟರೆ ಕತೆಗೆ ಮೋಸ ಮಾಡಿದಂತಾಗುತ್ತದೆ. ಎಂಟು ದಿನಕ್ಕೆ ಫೋಟೋದ ಸುತ್ತ ಗೋಡೆ ಉಬ್ಬಿತು. ಹಾಲು ಕೊಡಲು ಬಂದ ಮುನಿತಾಯಮ್ಮ ಬಾಗಿಲಲ್ಲೇ ನಿಂತು ಅದನ್ನು ನೋಡಿದಳು. ಬಡಾವಣೆ ಆಗುವ ಮುಂಚೆ ಆ ಜಾಗವೆಲ್ಲ ಅವಳ ಮಾವನ ರಾಗಿ ಹೊಲ. ಈಗ ಅವಳಿಗೆ ಮೂರು ಬಾಡಿಗೆ ಮನೆ ಇದ್ದರೂ ಹಾಲಿನ ಚೊಂಬು ಮಾತ್ರ ಬಿಟ್ಟಿರಲಿಲ್ಲ.

"ಏನ್ ಸ್ವಾಮಿ, ಗೋಡೆ ಉಬ್ಬೈತೆ? ಹೊಸಾ ಪೈಪು ಸೋರ್ತದಾ?"

ಹೊಸ ಪೈಪು, ಅದೂ ಕನ್ಸೀಲ್ಡು, ಬೀದಿಗೇ ಮೊದಲನೆಯದು, ಸೋರುತ್ತದೆ ಎಂದು ಹಾಲಿನವಳ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಸೇತುರಾಮ ಗಂಟಲು ಸರಿಮಾಡಿಕೊಂಡು, "ಪೈಪೇನೂ ಅಲ್ಲಮ್ಮ. ಅಮ್ಮನಿಗೆ ಗೀಸರು ಇಷ್ಟ ಇರ್ಲಿಲ್ಲ," ಎಂದ.

ಮುನಿತಾಯಮ್ಮ ಫೋಟೋ ನೋಡಿದಳು. ಗಲ್ಲದ ಹತ್ತಿರ ಆ ಬೆಳಗಿನ ಹನಿಯೊಂದು ಇನ್ನೂ ಉಳಿದಿತ್ತು. ಚೊಂಬನ್ನು ನೆಲಕ್ಕಿಟ್ಟು ಕೈ ಮುಗಿದು, ಹಿಂದೆ ಹಿಂದೆಯೇ ನಡೆದು ಹೊರಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಗೋವಿಂದರಾಜನಗರ ಮುಟ್ಟಿತ್ತು.

ಮಾರನೆಯ ದಿನ ಬೆಳಿಗ್ಗೆ ಐದೂವರೆಗೆ ಸೇತುರಾಮ ಬಾಗಿಲು ತೆಗೆದರೆ ಮಂಜಿನಲ್ಲಿ ಹನ್ನೊಂದು ಜನ ಹೆಂಗಸರು ಶಾಲು ಹೊದ್ದು ಸಾಲಾಗಿ ನಿಂತಿದ್ದರು. ಗಂಗಾಧರಯ್ಯ ಮಫ್ಲರ್ ಸುತ್ತಿಕೊಂಡು ಮುಂದೆ ನಿಂತಿದ್ದರು.

"ನೀವು ನಿಮ್ಮ ಪಾಡಿಗೆ ಸ್ನಾನಕ್ಕೆ ಹೋಗಿ ಸೇತುರಾಮ್. ನಾವು ಗಲಾಟೆ ಮಾಡಲ್ಲ."

ಬಚ್ಚಲಿನ ಬಾಗಿಲಾಚೆ ಹನ್ನೆರಡು ಜನ ಉಸಿರು ಬಿಗಿಹಿಡಿದು ಕೂತಿರುವಾಗ ಮೈಮೇಲೆ ನೀರು ಸುರಿದುಕೊಳ್ಳುವುದು ಹೇಗಿರುತ್ತದೆ ಎಂದು ಸೇತುರಾಮನಿಗೆ ಆವತ್ತು ಗೊತ್ತಾಯಿತು. ಎರಡನೆಯ ಚೊಂಬಿಗೆ ಹಜಾರದಲ್ಲಿ ಒಟ್ಟಿಗೆ ಒಂದು ನಿಟ್ಟುಸಿರು ಕೇಳಿಸಿತು. ಆಮೇಲೆ ಯಾರೋ ಸಣ್ಣಗೆ ಅಳತೊಡಗಿದರು. ಆಮೇಲೆ ಎಲ್ಲರೂ.

ವಾರದೊಳಗೆ ಅದು ವ್ಯವಸ್ಥೆಯಾಯಿತು. ಆರು ಗಂಟೆಗೆ ಒಂದು ಸ್ನಾನ, ಅಡುಗೆ ಮುಗಿಸಿ ಬರುವವರಿಗೆ ಎಂಟಕ್ಕೆ ಒಂದು, ಆಫೀಸಿನಿಂದ ಬಂದ ಮೇಲೆ ಒಂದು. "ಸ್ವಾಮಿ, ಇನ್ನೊಂದು ದಪ ಮಾಡಿ. ನಮ್ಮ ನಾದಿನಿ ಮಾಗಡಿಯಿಂದ ಬಂದವ್ಳೆ, ಪಾಪ, ಬಸ್ಸು ತಪ್ಪೋಯ್ತು," ಎಂದು ಮುನಿತಾಯಮ್ಮ ಶಿಫಾರಸು ತರುತ್ತಿದ್ದಳು. ಇಷ್ಟು ಬಿಸಿನೀರು ಸುರಿದುಕೊಂಡೂ ಶೀತವಾದ ಮನುಷ್ಯ ವಿಜಯನಗರದಲ್ಲಿ ಅವನೊಬ್ಬನೇ. ಆಫೀಸಿನ ರೆಕಾರ್ಡ್ ರೂಮಿನಲ್ಲಿ ಸೀನಿದರೆ ಪಕ್ಕದ ಗುಮಾಸ್ತರು ಎದ್ದು ನಿಂತು ತಮ್ಮ ತಮ್ಮ ತಾಯಂದಿರನ್ನು ನೆನೆಯುತ್ತಿದ್ದರು.

ಗೋಡೆ ಮಾತ್ರ ಯಾರ ಭಕ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ದಿನ ಎಂಟು ಗಂಟೆಯ ಸ್ನಾನದ ವೇಳೆಗೆ ಫೋಟೋದ ಕೆಳಗಿನ ಗಾರೆ ದೊಡ್ಡ ಹೆಂಟೆಯಾಗಿ ಕಳಚಿ ಬಿತ್ತು. ಗೋಡೆಗೆ ಒರಗಿಸಿದ್ದ ಬೀರುವಿನ ಬೆನ್ನು ತುಕ್ಕು ಹಿಡಿದು, ಒಳಗಿದ್ದ ವತ್ಸಲಾಳ ಧಾರೆ ಸೀರೆಯ ಮೇಲೆ ಕೆಂಪಗೆ ಅಂಗೈ ಗುರುತಿನಂಥ ಕಲೆ ಕೂತಿತ್ತು. ವತ್ಸಲಾ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕಲೆಯನ್ನು ಉಗುರಿನಿಂದ ಕೆರೆದು ನೋಡಿದಳು.

"ಅತ್ತೆ ನನ್ನ ಸೀರೆ ಹಾಳು ಮಾಡೋರಲ್ಲ," ಎಂದಳು ಕೊನೆಗೆ. "ಕಂಪನಿಗೆ ಬರೀರಿ."

ಸೇತುರಾಮ ಬರೆದ. ನಾಲ್ಕು ದಿನಕ್ಕೆ ಕಂಪನಿಯ ಮ್ಯಾನೇಜರ್ ವೆಂಕಟಗಿರಿಯೇ ಬಂದರು, ಹಿಂದೆ ಚೀಲ ಹಿಡಿದ ಚನ್ನಕೇಶವ. ವೆಂಕಟಗಿರಿ ಕಡ್ಡಿ ಮುರಿದ ಹಾಗೆ ಮಾತಾಡುವ ಮನುಷ್ಯ. ಗೋಡೆ ತಟ್ಟಿದರು, ಗೀಸರು ತಟ್ಟಿದರು, ಇಂಗ್ಲಿಷಿನಲ್ಲಿ ಏನೋ ಗೀಚಿಕೊಂಡರು.

"ಒಂದ್ಸಲ ಸ್ನಾನ ಮಾಡಿ ತೋರ್ಸಿ," ಎಂದರು.

ಸೇತುರಾಮ ಆವತ್ತಿನ ನಾಲ್ಕನೆಯ ಸ್ನಾನಕ್ಕೆ ಹೋದ. ಹೊರಗೆ ಬಂದಾಗ ಮ್ಯಾನೇಜರರ ಬೂಟು ಬಾಗಿಲಾಚೆ ಇತ್ತು, ಕೈ ಮುಗಿದಿತ್ತು, ಪೆನ್ನು ನೆಲದ ಮೇಲಿತ್ತು. ಅಮ್ಮ ಅಳುತ್ತಿದ್ದರು. ಆವತ್ತು ಬಹಳ ಅತ್ತರು.

"ಫೋಟೋ ಇಳಿಸಿ ನೋಡ್ಬೇಕಲ್ಲ," ಎಂದರು ವೆಂಕಟಗಿರಿ, ಯಾರಾದರೂ ಬೇಡ ಎನ್ನಲಿ ಎಂಬ ದನಿಯಲ್ಲಿ.

"ವರ್ಷಾಂತಿಕದ ತನಕ ಮುಟ್ಟೋ ಹಾಗಿಲ್ಲ," ಎಂದರು ಗಂಗಾಧರಯ್ಯ.

"ಹಾಗಿದ್ರೆ ಬೇಡ ಬಿಡಿ," ಎಂದು ವೆಂಕಟಗಿರಿ ಬೂಟು ಹಾಕಿಕೊಂಡರು. ಚನ್ನಕೇಶವ ಮಾತ್ರ ಫೋಟೋದ ಮೇಲಿನ ಮೊಳೆಯನ್ನು ನೋಡಿದ. ಆಮೇಲೆ ಸೇತುರಾಮನನ್ನು ನೋಡಿದ. ಚೀಲ ಎತ್ತಿಕೊಂಡು ಹೊರಟ.

ಬಡಾವಣೆಗಳ ಸುದ್ದಿ ಹಾಕುವ 'ಪಡುವಣ ಸಮಾಚಾರ' ಎಂಬ ವಾರಪತ್ರಿಕೆಯೊಂದಿತ್ತು. ಶನಿವಾರ ಅದರ ಮುಖಪುಟದಲ್ಲಿ ಚೌಕದೊಳಗೆ ಕಂಪನಿಯ ಹೇಳಿಕೆ ಬಂತು. ಗಂಗಾಧರಯ್ಯ ಅದನ್ನು ಸೇತುರಾಮನ ಜಗಲಿಯಲ್ಲಿ ನಿಂತು, ಕೋರ್ಟಿನಲ್ಲಿ ಓದುವ ಹಾಗೆ ಓದಿದರು.

"ಸಾರ್ವಜನಿಕರ ಗಮನಕ್ಕೆ. ವಿಜಯನಗರದ ಗ್ರಾಹಕ ಶ್ರೀ ಸೇತುರಾಮ ಅವರ ಮನೆಯಲ್ಲಿ ಅಳವಡಿಸಲಾದ ಉಷ್ಣಧಾರಾ ಗೀಸರು ಸಂಪೂರ್ಣ ಸುಸ್ಥಿತಿಯಲ್ಲಿದೆ. ಸದರಿ ಗೋಡೆಗೆ ಆಗಿರುವ ಹಾನಿಯು ಗ್ರಾಹಕರ ತಾಯಿ ದಿವಂಗತ ಪುಟ್ಟಲಕ್ಷ್ಮಮ್ಮನವರ ಅಸಮಾಧಾನದಿಂದ ಉಂಟಾದುದೆಂದು ಗ್ರಾಹಕರೇ ನೆರೆಯವರ ಸಮಕ್ಷಮ ಒಪ್ಪಿರುತ್ತಾರೆ. ದಿವಂಗತರ ಅಸಮಾಧಾನವು ಗ್ಯಾರಂಟಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ವಿಷಾದಪೂರ್ವಕವಾಗಿ ತಿಳಿಸಲಾಗಿದೆ."

ಅಮ್ಮನ ಹೆಸರು ಅಚ್ಚಿನಲ್ಲಿ ಬಂದದ್ದು ಅದೇ ಮೊದಲು. ತೀರಿಕೊಂಡಾಗ ಕೂಡ ಸೇತುರಾಮ ಪತ್ರಿಕೆಗೆ ಕೊಟ್ಟಿರಲಿಲ್ಲ.

ಒಬ್ಬ ಹಾಲಿನವಳು ಹೇಳಿದರೆ ಅದು ಮಾತು, ಕಂಪನಿ ಅಚ್ಚು ಹಾಕಿಸಿದರೆ ಅದು ದಾಖಲೆ. ರೇಷನ್ ಅಂಗಡಿಯವನು ಸೇತುರಾಮನನ್ನು ಪಕ್ಕಕ್ಕೆ ಕರೆದು, "ನಿಮ್ಮ ತಾಯಿಯವರ ಹೆಸರು ಕಾರ್ಡಿಂದ ತೆಗೆದದ್ದು ನಾನಲ್ಲ ಸಾರ್, ಮೇಲಿನ ಇನ್‌ಸ್ಪೆಕ್ಟ್ರು. ಸ್ವಲ್ಪ ತಾಯಿಯವರಿಗೆ ತಿಳಿಸ್ಬಿಡಿ," ಎಂದು ಬೇಡಿಕೊಂಡ. ಗೀಸರು ಇದ್ದ ಮನೆಗಳಲ್ಲೆಲ್ಲ ಭಯ ಹುಟ್ಟಿತು. ಯಾರ ಮನೆಯಲ್ಲಿ ತಾನೆ ತೀರಿಹೋದ ಒಬ್ಬ ಅತ್ತೆ ಇಲ್ಲ? ಒಬ್ಬರು ಮಾವನ ಫೋಟೋವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದರು. ಇನ್ನೊಬ್ಬರು ಗೀಸರಿಗೆ ಅರಿಶಿನ ಕುಂಕುಮ ಹಚ್ಚಿ, ಹಿರಿಯರ ಕ್ಷಮೆ ಕೇಳಿ, ಮತ್ತೆ ಸೌದೆ ತರಿಸಿದರು. ನಾಯಂಡಹಳ್ಳಿಯ ಶೆಡ್ಡಿನ ಮುಂದೆ ಗೀಸರು ವಾಪಸು ತಂದವರ ಕೈಗಾಡಿಗಳು ನಿಂತವು.

ಆಗ ಕಂಪನಿಯ ಎರಡನೆಯ ಹೇಳಿಕೆ ಬಂತು.

"ನಮ್ಮ ಉಪಕರಣಗಳಿಂದ ದಿವಂಗತರಿಗೆ ತೊಂದರೆಯಾಗುತ್ತದೆಂಬ ವದಂತಿ ನಿರಾಧಾರ. ವಿಚಾರಣೆ ಮಾಡಲಾಗಿ, ಸದರಿ ಪುಟ್ಟಲಕ್ಷ್ಮಮ್ಮನವರು ಜೀವಿತಕಾಲದಲ್ಲೇ ಸಿಡುಕು ಸ್ವಭಾವದವರೂ, ಹೊಸ ವಸ್ತುಗಳನ್ನು ಸಹಿಸದವರೂ, ಮಗ ಸೊಸೆಯರ ಸುಖ ಕಂಡು ಕೊರಗುವವರೂ ಆಗಿದ್ದರೆಂದು ತಿಳಿದುಬಂದಿದೆ. ಸಾಧು ಸ್ವಭಾವದ ದಿವಂಗತರಿರುವ ಮನೆಗಳಲ್ಲಿ ಉಷ್ಣಧಾರಾ ಗೀಸರನ್ನು ನಿಶ್ಚಿಂತೆಯಿಂದ ಬಳಸಬಹುದು."

ಇದನ್ನು ಓದುವಾಗ ಗಂಗಾಧರಯ್ಯನವರ ದನಿ ಕೂಡ ಕೊನೆಯಲ್ಲಿ ತಗ್ಗಿತು. ಮುನಿತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ಪುಟ್ಟಲಕ್ಷ್ಮಮ್ಮೋರ್ನ ಸಿಡುಕಿ ಅಂತ ಬರೆದವ್ನಾ? ನನ್ನ ಸೊಸೆ ಬಾಣಂತನಕ್ಕೆ ರಾತ್ರಿ ಹಗಲು ಬಂದು ಕೂತಿದ್ದೋರು ಅವರು. ಏನ್ ಸ್ವಾಮಿ, ನೀವು ಸುಮ್ನೆ ಇದೀರಲ್ಲ?"

ಸೇತುರಾಮ ಗಂಗಾಧರಯ್ಯನವರ ಕೈಯಿಂದ ಪತ್ರಿಕೆ ತೆಗೆದುಕೊಂಡ. ಅವನಿಗೆ ಹಳೆಯದೊಂದು ನೆನಪಾಗಿತ್ತು. ಹತ್ತು ವರ್ಷದವನಿದ್ದಾಗ, ವಠಾರದ ಬಾವಿಯಲ್ಲಿ ಓನರ್ ಮನೆಯವರ ಹಿತ್ತಾಳೆ ಕೊಡವನ್ನು ಅವನು ಬೀಳಿಸಿದ್ದ. "ನನ್ನ ಕೈ ಜಾರಿತು," ಎಂದು ಅಮ್ಮ ಹೇಳಿದ್ದರು. ಆ ವಠಾರ ಬಿಡುವವರೆಗೂ ಓನರ್ ಹೆಂಡತಿ ಎಲ್ಲರೆದುರಿಗೆ ಅಮ್ಮನನ್ನು ಕೈಲಾಗದವಳು ಎಂದು ಆಡಿಕೊಂಡಳು. ಅಮ್ಮ ನಗುತ್ತಿದ್ದರು, ಅಷ್ಟೇ. ಈಗ ಸತ್ತ ಮೇಲೂ ಅವನ ಒಂದು ಸುಳ್ಳನ್ನು ತಲೆಯ ಮೇಲೆ ಹೊತ್ತುಕೊಂಡು, ಊರವರ ಕಣ್ಣಿನಲ್ಲಿ ಕೊರಗುವವಳಾಗಿ ಗೋಡೆಗೆ ನೇತಾಡುತ್ತಿದ್ದರು. ಸೇತುರಾಮನಿಗೆ ನಾಚಿಕೆಯಾಯಿತು.

ಎಲ್ಲರೂ ಹೋದ ಮೇಲೆ ಅವನು ಬಾಗಿಲಿಗೆ ಚಿಲಕ ಹಾಕಿದ. ಸ್ಟೂಲು ತಂದ.

"ಇಳಿಸಬಾರದು ಅಂದಿದಾರಲ್ಲ," ಎಂದಳು ವತ್ಸಲಾ.

"ದಾರಿ ತಪ್ಪಿರೋದು ನಾನು ಕಣೇ. ಹಿಡ್ಕೋ."

ಫೋಟೋ ಕೈಗೆ ಬಂದಾಗ ನೀರು ಕುಡಿದು ಭಾರವಾಗಿತ್ತು. ಹಿಂದಿನ ಗೋಡೆಯಲ್ಲಿ ಹಸಿ ಮಣ್ಣಿನ ವಾಸನೆ. ವತ್ಸಲಾ ಹೋಗಿ ನಲ್ಲಿ ಬಿಟ್ಟಳು. ಮೊಳೆಯ ಬುಡದಿಂದ ಸಣ್ಣ ಹಬೆಯೊಂದು ಎದ್ದಿತು. ಇಷ್ಟು ದಿನವೂ ನೀರು ಮೊಳೆಯುದ್ದಕ್ಕೂ ಬಂದು, ಫೋಟೋ ಕಟ್ಟಿದ್ದ ದಾರ ಹಿಡಿದು ಇಳಿದು, ಚೌಕಟ್ಟಿನ ಕೆತ್ತನೆಯ ಎರಡು ತಗ್ಗಿನಲ್ಲಿ ತುಂಬಿ ತುಳುಕಿ, ಗಾಜಿನ ಮೇಲೆ ಬೀಳುತ್ತಿತ್ತು. ಆ ಎರಡು ತಗ್ಗು ಸರಿಯಾಗಿ ಕಣ್ಣಿನ ನೇರಕ್ಕಿದ್ದವು. ಐದನೆಯ ಏಟಿಗೆ ಮೊಳೆ ಸುಲಭವಾಗಿ ಇಳಿದದ್ದೇಕೆ ಎಂದು ಸೇತುರಾಮನಿಗೆ ತಿಳಿಯಿತು.

ಗಂಡ ಹೆಂಡತಿ ಇಬ್ಬರಿಗೂ ನಗು ಬರಬೇಕಿತ್ತು. ಬರಲಿಲ್ಲ. ಅಳುವವರು ಯಾರೂ ಇಲ್ಲ ಎಂದು ಗೊತ್ತಾದ ಮೇಲೆ ಮನೆ ಇನ್ನಷ್ಟು ಬಣಗುಟ್ಟಿತು.

ಮಾರನೆಯ ದಿನ ಸೇತುರಾಮ ಸೈಕಲ್ಲಿನಲ್ಲಿ ನಾಯಂಡಹಳ್ಳಿಗೆ ಹೋದ. ಶೆಡ್ಡಿನೊಳಗೆ ವಾಪಸು ಬಂದ ಗೀಸರುಗಳು ಬಿಳಿ ಬಟ್ಟೆ ಹೊದ್ದು ಸಾಲಾಗಿ ಮಲಗಿದ್ದವು. ವೆಂಕಟಗಿರಿ ಅವನ ಮಾತನ್ನೆಲ್ಲ ಕೇಳಿ, ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಮೊಳೆ ವಿಷಯ ಯಾರಿಗಾದ್ರೂ ಹೇಳಿದೀರಾ?"

"ಇಲ್ಲ."

"ಹೇಳ್ಬೇಡಿ." ದನಿ ಬಹಳ ನಯವಾಗಿತ್ತು. "ಮೊಳೆ ಅಂದ ತಕ್ಷಣ, ಪೈಪಿಗೆ ಮೊಳೆ ಹೇಗೆ ಇಳೀತು ಅಂತ ಕೇಳ್ತಾರೆ. ಯಾವ ಪೈಪು ಅಂತ ಕೇಳ್ತಾರೆ. ಇನ್ನೂರು ಮನೆಗೆ ಹಾಕಿದೀವಿ ಕಣ್ರೀ. ಅದರ ಬದಲು ನಿಮ್ಮ ತಾಯಿಯವರೇ ಇರಲಿ. ಜನಕ್ಕೆ ಅಭ್ಯಾಸ ಆಗಿದೆ. ನಾವು ನಿಮ್ಮ ಗೋಡೆ ಕಟ್ಟಿಸಿ ಕೊಡ್ತೀವಿ, ಹೊಸಾ ಗೀಸರು ಕೊಡ್ತೀವಿ, ಮನೆಯವರಿಗೆ ಒಂದು ಒಳ್ಳೇ ಸೀರೆ. ಸ್ವಲ್ಪ ದಿನ ಹೋದ್ರೆ, ಅವರಿಗೆ ಸಮಾಧಾನ ಆಯ್ತು ಅಂತ ಇನ್ನೊಂದು ಪ್ರಕಟಣೆ ಕೊಟ್ಬಿಡೋಣ."

ಮೂಲೆಯಲ್ಲಿ ಪೈಪು ಸುತ್ತುತ್ತಿದ್ದ ಚನ್ನಕೇಶವ ತಲೆ ಎತ್ತದೆ, "ಕಬ್ಬಿಣದ್ದು ಹಾಕಿದ್ರೆ ಮೊಳೆ ಇಳೀತಿರ್ಲಿಲ್ಲ ಸಾರ್," ಎಂದ. ಅದು ಯಾವ ಸಾರ್‌ಗೆ ಹೇಳಿದ್ದು ಎಂದು ಯಾರೂ ಕೇಳಲಿಲ್ಲ.

"ಅಮ್ಮನ ಮೇಲೆ ಬರೆದಿದ್ದನ್ನ ವಾಪಸ್ ತಗೊಳ್ಳಿ," ಎಂದ ಸೇತುರಾಮ.

ವೆಂಕಟಗಿರಿ ಕುರ್ಚಿಗೆ ಒರಗಿದರು. ನಯ ಹೋಗಿ ಮೊದಲಿನ ಕಡ್ಡಿ ಮುರಿಯುವ ದನಿ ಬಂತು. "ತಗೋಬೇಕು ಅಂದ್ರೆ ತಪ್ಪು ಪೂರ್ತಿ ನಿಮ್ಮದು ಅಂತ ಸಹಿ ಮಾಡ್ಬೇಕು. ಪೈಪಿನ ಮಾತು ಬರಕೂಡದು. ಗೋಡೆ ಇಲ್ಲ, ಗೀಸರಿಲ್ಲ, ಸೀರೆ ಇಲ್ಲ. ನೀವೇ ನಗೆಪಾಟಲಾಗ್ತೀರಿ, ಯೋಚ್ನೆ ಮಾಡಿ."

ಸೇತುರಾಮ ಜೀವನದಲ್ಲಿ ಯಾವುದನ್ನೂ ಎರಡು ದಿನ ಯೋಚಿಸದೆ ಮಾಡಿದವನಲ್ಲ. ಚಪ್ಪಲಿ ಕೊಳ್ಳುವುದಕ್ಕೂ ಷಡ್ಡಕನನ್ನು ಕೇಳುತ್ತಿದ್ದ. ಆವತ್ತು ಮಾತ್ರ ಕೈ ಚಾಚಿ, "ಪೆನ್ನು ಕೊಡಿ," ಎಂದ. "ಒಂದು ಮಾತು ಕೊನೇಲಿ ಸೇರ್ಸಿ, ಗೀಸರಿನ ಗೋಡೆಗೆ ಯಾರೂ ಮೊಳೆ ಹೊಡೀಬೇಡಿ ಅಂತ. ಉಳಿದ ಇನ್ನೂರು ಮನೇಲೂ ತಾಯಂದಿರು ಇದಾರೆ."

ಶನಿವಾರ ಮೂರನೆಯ ಹೇಳಿಕೆ ಬಂತು.

"ಈ ಹಿಂದಿನ ಎರಡೂ ಪ್ರಕಟಣೆಗಳನ್ನು ಹಿಂಪಡೆಯಲಾಗಿದೆ. ಸದರಿ ಗೋಡೆಯ ಹಾನಿಗೆ ಗ್ರಾಹಕ ಸೇತುರಾಮ ಅವರು ತಿಳಿಯದೆ ಹೊಡೆದ ಮೊಳೆಯೇ ಕಾರಣವೆಂದೂ, ಅದನ್ನು ಮರೆಮಾಚಲು ಸುಳ್ಳು ಹೇಳಿದೆನೆಂದೂ ಅವರು ಬರೆದುಕೊಟ್ಟಿದ್ದಾರೆ. ದಿವಂಗತ ಪುಟ್ಟಲಕ್ಷ್ಮಮ್ಮನವರು ಈ ಪ್ರಕರಣದಲ್ಲಿ ಸಂಪೂರ್ಣ ನಿರ್ದೋಷಿಗಳು. ತಪ್ಪು ಮಗನದು. ಗೀಸರು ಇರುವ ಗೋಡೆಗೆ ಯಾರೂ ಮೊಳೆ ಹೊಡೆಯಬಾರದು."

ಬೀದಿ ಆವತ್ತು ಹೊಟ್ಟೆ ತುಂಬ ನಕ್ಕಿತು. ಪರವೂರಿನಿಂದ ನೆಂಟರನ್ನು ಕರೆಸಿದವರು, ಚಳಿಯಲ್ಲಿ ನಿಂತು ಅತ್ತವರು, ಎಲ್ಲರೂ ತಮ್ಮ ಕಣ್ಣೀರನ್ನು ಅವನಿಂದ ವಾಪಸು ಕೇಳುವ ಹಾಗೆ ನೋಡಿದರು. ಆಫೀಸಿನಲ್ಲಿ ಅವನ ಮೇಜಿನ ಮೇಲೆ ಯಾರೋ ಒಂದು ಸುತ್ತಿಗೆ ಇಟ್ಟಿದ್ದರು. ಪದ್ಮನಾಭ ಮಲ್ಲೇಶ್ವರದಿಂದ ಪತ್ರ ಬರೆದು, ಮೊಳೆ ಹೊಡೆಯುವ ಮುಂಚೆ ತನ್ನನ್ನು ಯಾಕೆ ಕೇಳಲಿಲ್ಲ ಎಂದು ವಿಚಾರಿಸಿದ. ಗಂ‍ಗಾಧರಯ್ಯನವರಂತೂ, ಮೊಳೆ ಹೊಡೆಯುವ ಕಾಲಕ್ಕೆ ತಾವು ಆ ಸ್ಥಳದಲ್ಲಿ ಇರಲೇ ಇಲ್ಲವೆಂದು ತಮ್ಮದೇ ಒಂದು ಪ್ರಕಟಣೆಯನ್ನು 'ಪಡುವಣ ಸಮಾಚಾರ'ಕ್ಕೆ ಕಳಿಸಿದರು. ಮುನಿತಾಯಮ್ಮ ಮಾತ್ರ ಹಾಲು ಅಳೆಯುವಾಗ ಆವತ್ತು ಒಂದು ಪಾವು ಜಾಸ್ತಿ ಹಾಕಿ, "ಒಳ್ಳೇ ಕೆಲ್ಸ ಮಾಡಿದ್ರಿ ಸ್ವಾಮಿ," ಎಂದು ಹೋದಳು.

ಚನ್ನಕೇಶವ ಭಾನುವಾರ ಕಂಪನಿಗೆ ಹೇಳದೆ ಬಂದು, ಪೈಪು ಕತ್ತರಿಸಿ ಬಾಯಿ ಮುಚ್ಚಿ, ಗೀಸರು ಇಳಿಸಿದ. ಕೆಂಪು ಕಣ್ಣು ಆರಿತು. ಹಂಡೆ ಹಿತ್ತಲಿನಿಂದ ಮತ್ತೆ ಬಚ್ಚಲಿಗೆ ಬಂತು. ಅಮ್ಮನ ಫೋಟೋವನ್ನು ಸೇತುರಾಮ ಎರಡು ದಿನ ಬಿಸಿಲಿಗೆ ಒಣಗಿಸಿ, ಹೊಸ ದಾರ ಕಟ್ಟಿ, ಈ ಸಲ ಪೂರ್ವದ ಗೋಡೆಗೆ ಹಾಕಿದ. ಆ ಗೋಡೆಯ ಆಚೆ ಬರೀ ಬಯಲು. ಅದರೊಳಗೆ ಪೈಪಿಲ್ಲ, ವೈರಿಲ್ಲ, ಇಟ್ಟಿಗೆ ಬಿಟ್ಟು ಏನೂ ಇಲ್ಲ ಎಂದು ಚನ್ನಕೇಶವ ತಟ್ಟಿ ನೋಡಿ ಹೇಳಿದ್ದ.

ಬುಧವಾರ ಬೆಳಿಗ್ಗೆ ವತ್ಸಲಾ ಹಂಡೆಗೆ ಉರಿ ಹಾಕಿದಳು. ನೀರು ಕಾಯುವುದು ಕಣ್ಣಿಗೆ ಕಾಣುತ್ತಿತ್ತು. ಬೀದಿಯಲ್ಲಿ ಯಾರೂ ಬಂದು ನಿಂತಿರಲಿಲ್ಲ. ಸೇತುರಾಮ ಸ್ನಾನ ಮುಗಿಸಿ ಹಜಾರಕ್ಕೆ ಬಂದವನು, ಇಷ್ಟು ದಿನದ ಅಭ್ಯಾಸ ಬಿಡದೆ, ಟವೆಲಿನ ತುದಿಯಿಂದ ಅಮ್ಮನ ಮುಖವನ್ನು ಒರೆಸಿದ. ಒರೆಸಿದ ಮೇಲೆ ಟವೆಲನ್ನು ನೋಡಿದ. ಹಜಾರದ ಹಗ್ಗದಿಂದ ಆಗಷ್ಟೇ ಎಳೆದುಕೊಂಡಿದ್ದ ಒಣ ಟವೆಲಿನ ತುದಿ ಒದ್ದೆಯಾಗಿತ್ತು. ಅದನ್ನು ಕೆನ್ನೆಗೆ ಒತ್ತಿಕೊಂಡ. ಬೆಚ್ಚಗಿತ್ತು.

ಮೊಳೆ ಮುಟ್ಟಿದ, ಒಣಗಿತ್ತು. ದಾರ ಮುಟ್ಟಿದ, ಒಣಗಿತ್ತು. ಗೋಡೆಗೆ ಅಂಗೈ ಇಟ್ಟ, ಮಾಗಿಯ ಚಳಿಗೆ ತಣ್ಣಗೆ ಒಣಗಿತ್ತು. ಪುಟ್ಟಲಕ್ಷ್ಮಮ್ಮ ಎಂದಿನಂತೆ ನೆಟ್ಟಗೆ ನೋಡುತ್ತಿದ್ದರು.

"ಅಲ್ಲಿ ಏನ್ರೀ ಮಾಡ್ತಿದೀರಿ ಅಷ್ಟು ಹೊತ್ತಿಂದ?" ಎಂದಳು ವತ್ಸಲಾ ಅಡುಗೆಮನೆಯಿಂದ.

ಹೊರಗೆ ಮುನಿತಾಯಮ್ಮ ಚೊಂಬು ಹಿಡಿದು ಬಂದು ನಿಂತಿದ್ದಳು. ಸೇತುರಾಮ ಇಬ್ಬರನ್ನೂ ನೋಡಿದ. ಟವೆಲನ್ನು ನಿಧಾನವಾಗಿ ಮಡಿಸಿ ಹೆಗಲಿಗೆ ಹಾಕಿಕೊಂಡ.

"ಏನಿಲ್ಲ," ಎಂದ. "ಧೂಳು ಕೂತಿತ್ತು."